ಗಂಟಲಿಗೆ ಕಟ್ಟಿದ ಫೋನು

ಮೊನ್ನೆ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವಾಗ ರಾಳ ಸುಟ್ಟ ಹೊಗೆ ಮೂಗಿಗೆ ಬಡಿಯಿತು ನೋಡಿ, ಬಂದ ಕೆಲಸವನ್ನೇ ಮರೆತು ನಿಂತುಬಿಟ್ಟೆ. ನರಸೀಪುರದ ನಮ್ಮ ಮನೆ ಒಂದು ಕಾಲದಲ್ಲಿ ಊಟದ ಹೊತ್ತಿನಲ್ಲೂ ಹೀಗೇ ನಾರುತ್ತಿತ್ತು.

ಆಗ ಮಹಾರಾಜರ ಕಾಲ. ನಮ್ಮಣ್ಣ ಹಳೆಯ ಟೆಲಿಫೋನು ಬಿಚ್ಚಿ ಜೋಡಿಸುವುದರಲ್ಲಿ ಗಟ್ಟಿಗ; ನಾನು ಅದರ ಸ್ಕ್ರೂ ಕಳೆಯುವುದರಲ್ಲಿ. ಆ ಬೇಸಿಗೆಯಲ್ಲಿ ನಂಜನಗೂಡಿನ ಹೊರಗಿನ ಬಯಲಿಗೆ ಎರಡು ಸೀಟಿನ ಪುಟ್ಟ ವಿಮಾನವೊಂದು ಬಂದಿಳಿಯುತ್ತಿತ್ತು. ನಾಲೆಗಳ ನಕ್ಷೆ ಬರೆಯಲು ಹಿಂದೆ ಕೂತ ಓವರ್‌ಸಿಯರರ ಮಾತು ಎಂಜಿನ್ನಿನ ಅಬ್ಬರದಲ್ಲಿ ಮುಂದಿದ್ದ ಪೈಲಟ್ಟಿಗೆ ಕೇಳುತ್ತಿರಲಿಲ್ಲ. ಭುಜಕ್ಕೆ ಗುದ್ದಿಯೇ ದಾರಿ ತೋರಿಸಬೇಕು. ಒಂದು ದಿನ ಯಾವ ಭುಜದ ಗುದ್ದೆಂದು ತಿಳಿಯದೆ ವಿಮಾನ ತೆಂಗಿನ ಗರಿ ಸವರಿಕೊಂಡು ಬಂತು.

ನನ್ನೊಡನೆ ವಿಮಾನ ನೋಡಲು ಅಲ್ಲಿಗೆ ಹೋಗಿದ್ದ ಅಣ್ಣ, "ಮಾತು ಕೇಳೋ ಅಂಗೆ ನಾನು ಮಾಡ್ಕೊಡ್ತೀನಿ ಸಾ" ಎಂದುಬಿಟ್ಟ.

ಪೈಲಟ್ಟು ನಕ್ಕರು. "ಮಾಡಿ. ಆದರೆ ಮೊದಲು ನಿಮ್ಮ ಮನೆಯಿಂದಲೇ ಯಾರಾದರೂ ಹಿಂದೆ ಕೂತು ಮಾತಾಡಬೇಕು."

ಹಳೆ ಟೆಲಿಫೋನಿನ ಬಾಯಿ ಒಂದು ಕಡೆ, ಕಿವಿ ಇನ್ನೊಂದು ಕಡೆ, ನಡುವೆ ತಂತಿ, ಟಾರ್ಚಿನ ಸೆಲ್ಲು. ಪರೀಕ್ಷೆ ಅಕ್ಕಿ ಮಿಲ್ಲಿನ ಎಂಜಿನ್ನಿನ ಪಕ್ಕದಲ್ಲಿ. ನಾನು ಮೂರು ದಿನ ಗಂಟಲು ಹರಿಯುವಂತೆ ಕಿರುಚಿದೆ. ಅಣ್ಣನ ಕಿವಿಗೆ ಹೋದದ್ದು ಬರೀ ಮಿಲ್ಲು.

ನಾಲ್ಕನೆಯ ದಿನ ಅತ್ತಿಗೆ ಕೂಸನ್ನೆತ್ತಿಕೊಂಡು ಬುತ್ತಿ ತಂದರು. ನಮ್ಮ ಒದ್ದಾಟ ನೋಡಿ, "ಈ ಗಲಾಟೇಲಿ ಕೂಸು ಗುನುಗೋದು ಕಿವಿಗೆ ಕೇಳಾಕಿಲ್ಲ. ಕತ್ತು ಮುಟ್ಟುದ್ರೆ ಗೊತ್ತಾಯ್ತದೆ. ಅದ್ನ ಬಾಯ್ಗ್ಯಾಕೆ ಇಡ್ತೀರಿ? ಗಂಟ್ಲಿಗೇ ಕಟ್ಟಿ" ಎಂದರು.

"ನಿಂಗೊತ್ತಾಗಾಕಿಲ್ಲ, ಸುಮ್ಕಿರು" ಎಂದ ಅಣ್ಣ.

ಅತ್ತಿಗೆ ಸುಮ್ಮನಿರಲಿಲ್ಲ. ಬುತ್ತಿಯ ಬಟ್ಟೆ ಬಿಚ್ಚಿ, ಟೆಲಿಫೋನಿನ ಬಾಯಿಯ ಬಿಲ್ಲೆಯನ್ನು ಅದರಿಂದಲೇ ನನ್ನ ಗಂಟಲಿಗೆ ಬಿಗಿದೇ ಬಿಟ್ಟರು. ಕಿರುಚುವ ಶಕ್ತಿ ನನಗೂ ಉಳಿದಿರಲಿಲ್ಲ. "ಅತ್ತಿಗೆ, ಇವತ್ತೇನು ಸಾರು?" ಎಂದೆ, ಮೆಲ್ಲಗೆ.

ಆಚೆ ತುದಿಯಲ್ಲಿ ಅಣ್ಣ ಹಾರಿ ನಿಂತ. "ಲೇ, ಸಾರು ಅಂದ್ಯಾ? ಕೇಳ್ತು ಕಣ್ಲಾ! ಸಾರು ಅಂದಿದ್ದು ಕೇಳ್ತು!"

ಅಣ್ಣನ ಹೊಟ್ಟೆ ಆ ಸೀಟಿನಲ್ಲಿ ಹಿಡಿಯಲಿಲ್ಲವಾದ್ದರಿಂದ ವಿಮಾನ ಹತ್ತಿದವನು ನಾನು. ನೆಲ ಬಿಟ್ಟೊಡನೆ ಕಲಿತ ಮಾತೆಲ್ಲ ಹಾರಿಹೋಯಿತು. ಕೆಳಗೆ ಕಪಿಲೆ ಹೊಳೆಯುತ್ತಿತ್ತು. ಗಂಟಲಿನ ಬಿಲ್ಲೆ ಒತ್ತಿಕೊಂಡು, "ಎಡಕ್ಕೆ ತಿರುಗ್ಸಿ ಸಾ" ಎಂದೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ನೋಡಿ, ರೆಕ್ಕೆ ಬಾಗಿತು. ನನ್ನ ಒಂದು ಮಾತಿಗೆ ಹೊಳೆ, ಗದ್ದೆ, ಊರು ಎಲ್ಲವೂ ಓರೆಯಾಗಿ ತಿರುಗಿದವು! ಕುಣಿಯಲು ಅಲ್ಲಿ ಜಾಗವಿರಲಿಲ್ಲ, ಅಷ್ಟೇ.

ಇಷ್ಟು ವರ್ಷವೂ ಇದನ್ನು "ಅಣ್ಣನ ಫೋನು" ಎಂದೇ ಹೇಳಿಕೊಂಡು ಬಂದಿದ್ದೇನೆ. ಅತ್ತಿಗೆ ಕೇಳಿ ನಗುತ್ತಿದ್ದರೇ ಹೊರತು ಎಂದೂ ತಿದ್ದಲಿಲ್ಲ. ತಿದ್ದಬೇಕಾದವನು ನಾನೆಂದು ಇವತ್ತು ಬರೆಯುವಾಗ ಹೊಳೆಯಿತು. ಎದ್ದುಹೋಗಿ ಅವರ ಮುಂದೆ ಕೂತು ಓದಿದೆ. ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು.

"ಇನ್ನೊಂದ್ಸಲ ಓದಪ್ಪ," ಎಂದರು. "ಜೋರಾಗ್ ಓದು."