ಸಾಬೂನು ತಾಗಿದ ಅರಿಷಿಣ

ಗೆಳೆಯರೇ, ಇವತ್ತು ಅಂಗಿಯ ಮೇಲಿನ ಅರಿಷಿಣದ ಕಲೆಗೆ ಸಾಬೂನು ತಿಕ್ಕಿದ ಮೊಮ್ಮಗಳು, "ಅಜ್ಜಿ, ಹಳದಿ ಇದ್ದದ್ದು ಕೆಂಪ್ಯಾಕ ಆತು?" ಅಂದಳು. ಎಂಬತ್ತರ ದಶಕದಲ್ಲಿ ಇಂಥದೇ ಕೆಂಪು ಕಲೆ ನಮ್ಮತ್ತೆಯ ಜೀವ ಹಿಂಡಿತ್ತು.

ಆಗ ನಾವು ಖಾನಾಪುರದಲ್ಲಿದ್ದೆವು. ನಮ್ಮ ಯಜಮಾನರು ಜಾಂಬೋಟಿಯ ಮದುವೆಯೊಂದಕ್ಕೆ ಹೋಗಿ, ಬಸ್ಸು ತಗ್ಗಿಗೆ ಇಳಿದಿತ್ತೆಂದು ತಡವಾಗಿ ಬಂದಿದ್ದರು. ಮರುದಿನ ಅವರು ಬೆಳಗಾವಿಯ ಕಚೇರಿಗೆ ಹೋದಮೇಲೆ, ಕಣ್ಣು ಮಂಜಾಗಿದ್ದ ಅತ್ತೆ ಆ ಬಿಳಿ ಅಂಗಿಗೆ ಸಾಬೂನು ಹಚ್ಚಿದರು. ಬೆನ್ನಿನ ಕಡೆ ಕೆಂಪು ಕಲೆಗಳು ಎದ್ದವು.

"ರಕ್ತ ಐತಿ ನೋಡವಾ! ಪೆಟ್ಟಾಗಿದ್ದು ಮುಚ್ಚಿಟ್ಟಾನ!"

ಒದ್ದೆ ಅಂಗಿಯನ್ನು ಚೀಲಕ್ಕೆ ತುರುಕಿ ಇಬ್ಬರೂ ಬಸ್ಸು ಹತ್ತಿದೆವು. ಕಚೇರಿಗೆ ನುಗ್ಗಿದ ಅತ್ತೆ ಮಗನ ಅಂಗಿ ಬಿಚ್ಚಿಸಿ ಬೆನ್ನು ತಡವಿದರು. ಒಂದು ಗೀರೂ ಇರಲಿಲ್ಲ. ಚೀಲದ ಅಂಗಿ ತೆಗೆದು ತೋರಿಸಿದೆ.

"ಯವ್ವಾ, ಅದು ಅರಿಷಿಣ! ಮದವಿ ಮನ್ಯಾಗ ಹುಡುಗ್ರು ನನ್ನ ಬೆನ್ನಿಗೂ ಬಳದಿದ್ರು," ಎಂದರು ಯಜಮಾನರು.

ಪಕ್ಕದ ಮೇಜಿನವರು ತಮ್ಮ ಊಟದ ಡಬ್ಬಿಯ ನಿಂಬೆಹೋಳನ್ನು ಕಲೆಯ ಮೇಲೆ ಹಿಂಡಿದರು. ಕಣ್ಣೆದುರೇ ಅದು ಹಳದಿಯಾಯಿತು. "ಸಾಬೂನಿನ ಕ್ಷಾರ ತಾಗಿದ್ರ ಅರಿಷಿಣ ಕೆಂಪಾಗತೈತ್ರೀ ಅವ್ವಾರ. ಹುಳಿ ಬಿದ್ರ ತಿರುಗಿ ಹಳದಿ."

ಅತ್ತೆ ಕುರ್ಚಿಯಲ್ಲಿ ಕುಸಿದು ಕೂತು, ನೀರು ಕುಡಿದು, ಕಣ್ಣೊರೆಸಿಕೊಂಡರು. ಸುಧಾರಿಸಿಕೊಂಡ ಮೇಲೆ ಮಗನನ್ನು ಗದರಿದರು: "ಎಲ್ಲಾರೂ ನೋಡಾಕತ್ತಾರ, ಬರೇ ಮೈಲೆ ನಿಂತೀಯಲ್ಲ, ನಾಚಿಕಿ ಬರೂದಿಲ್ಲೇನು? ಅಂಗಿ ಹಾಕ್ಕೋ ಮೊದ್ಲ!"