ಅಲಿಕುಂಞಿ ತರಬಾರದಿದ್ದ ಬಾಟಲಿ

ರುಡೊಲ್ಫ್ ಶುಕ್ರವಾರ ದುಬೈಯ ಆಸ್ಪತ್ರೆಯಲ್ಲಿ ತೀರಿಕೊಂಡ. ಕ್ಯಾನ್ಸರ್ ಬೆನ್ನುಮೂಳೆಯವರೆಗೂ ಹಬ್ಬಿತ್ತು.

ಅವನು ಅಲ್ಲಿನ ಸತ್ವಾ ಪೇಟೆಯಲ್ಲಿ ದರ್ಜಿಯಾಗಿದ್ದ. ಹೋಟೆಲಿನವರ ಕೋಟು, ನರ್ಸುಗಳ ಯೂನಿಫಾರ್ಮು, ಹರಿದ ಪ್ಯಾಂಟು, ಯಾವುದನ್ನೂ ಇಲ್ಲ ಎಂದವನಲ್ಲ. ಆದರೆ ಹೊಸ ಜಿಪ್ಪು ಹಾಕಿದರೆ ಮೇಲೆ ಕೆಳಗೆ ಎಳೆದು ನೋಡದೆ ಗಿರಾಕಿಯ ಕೈಗೆ ಕೊಡುತ್ತಿರಲಿಲ್ಲ. ಪಕ್ಕದ ಕಿರಾಣಿ ಅಂಗಡಿ ಅಲಿಕುಂಞಿಯದು. ಇಬ್ಬರೂ ಮಂಗಳೂರಿನ ಕಡೆಯವರು: ಇವನು ಕುಲಶೇಖರದ ಕ್ರಿಸ್ತುವ, ಅವನು ಉಳ್ಳಾಲದ ಬ್ಯಾರಿ ಮುಸ್ಲಿಮ. ಸಂಜೆಯ ಸುಲೈಮಾನಿ ಚಹಾ ಇಬ್ಬರದೂ ಒಂದೇ ಫ್ಲಾಸ್ಕಿನಿಂದ. ಊರಿಗೆ ಹೋಗಿ ಬರುವಾಗ ಅಲಿಕುಂಞಿಯ ಬ್ಯಾಗಿನಲ್ಲಿ ಅವನ ಬಟ್ಟೆಗಿಂತ ಸತ್ವಾದವರ ಪಾರ್ಸೆಲುಗಳೇ ಹೆಚ್ಚು: ಯಾರದೋ ಕೋರಿರೊಟ್ಟಿ, ಯಾರದೋ ತಲೆಗೆ ಹಚ್ಚುವ ಎಣ್ಣೆ, ರುಡೊಲ್ಫನಿಗೆ ಮಿಡಿ ಮಾವಿನ ಉಪ್ಪಿನಕಾಯಿ.

ಊರಿಗೆ ಫೋನ್ ಮಾಡಿದಾಗ ಅಲ್ಲಿನ ಯಾವುದನ್ನೂ ಹೊಗಳಬಾರದು ಎಂದು ಗಲ್ಫಿನವರು ತಮಾಷೆ ಮಾಡುವುದುಂಟು. ಹೊಗಳಿದರೆ, ಮುಂದಿನ ವಿಮಾನದಲ್ಲಿ ಬರುವವನ ಕೈಯಲ್ಲಿ ಅದು ಬಂದೇ ಬಿಡುತ್ತದೆ. ರುಡೊಲ್ಫ್ ಆ ತಮಾಷೆಯನ್ನು ಒಂದು ಗಳಿಗೆ ಮರೆತ.

ರೋಗ ಗೊತ್ತಾದ ಮೇಲೆ ಅವನು ರಜೆ ಹಾಕಿ ಊರಿಗೆ ಹೋಗಿದ್ದ. ನೋವಿನ ಗುಳಿಗೆ ನುಂಗಿದರೆ ವಾಂತಿ, ನುಂಗದಿದ್ದರೆ ನಿದ್ದೆ ಇಲ್ಲ. ತಮ್ಮ ವ್ಯಾಲೆಂಟೈನ್ ನೋಡಿ ನೋಡಿ ಸಾಕಾಗಿ, ಎಲ್ಲಿಂದಲೋ ಗಾಂಜಾ ಸೊಪ್ಪು ತಂದು ಸ್ಪಿರಿಟ್ಟಿನಲ್ಲಿ ನೆನೆಹಾಕಿದ. ಊರಿನಲ್ಲೂ ಅದು ಕದ್ದು ಮಾಡುವ ಕೆಲಸವೇ. ಅಡುಗೆಮನೆಯಲ್ಲಿ ವಿನೆಗರ್ ಶೀಶೆಗಳ ಹಿಂದೆ ಅಡಗಿಸಿಟ್ಟಿದ್ದ. ಸೋಸಿದ ಕಂದು ರಸವನ್ನು ಹಳೆಯ ಹೋಮಿಯೋಪತಿ ಬಾಟಲಿಗೆ ತುಂಬಿ, “ನಾಲಿಗೆಯಡಿ ಬಿಡು ಅಣ್ಣಾ, ಕೂಡಲೇ ನುಂಗಬೇಡ” ಅಂದ. ಕಹಿ, ಉರಿ, ಒಣಹುಲ್ಲು ಜಗಿದಂಥ ರುಚಿ. ರುಡೊಲ್ಫ್ ಹಾಗೇ ಬಾಯಿ ಮುಚ್ಚಿ ಕುಳಿತ. ಆಮೇಲೆ, ಎಷ್ಟೋ ಕಾಲದ ನಂತರ, ಬೆನ್ನು ಹಾಸಿಗೆಗೆ ಕೊಟ್ಟು ಮಲಗಿದ.

ದುಬೈಗೆ ಮರಳುವಾಗ ಆ ಬಾಟಲಿಯನ್ನು ತಮ್ಮನ ಮನೆಯಲ್ಲೇ ಬಿಟ್ಟು ಬಂದ. ಇಲ್ಲಿನ ಕಾನೂನು ಅವನಿಗೆ ಗೊತ್ತಿತ್ತು. ಹಿಂದೆ ಯಾರದೋ ಪಾರ್ಸೆಲ್ ಹೊತ್ತು ತಂದು ಸಿಕ್ಕಿಬಿದ್ದು ಜೈಲು ಸೇರಿದ ಗಿರಾಕಿಯೊಬ್ಬನ ಪ್ಯಾಂಟು ಹೊಲಿದು ಮುಗಿದೂ ಅಂಗಡಿಯ ತಂತಿಯಲ್ಲಿ ತೂಗುತ್ತಲೇ ಇತ್ತು. ಕೇಳಿಕೊಂಡು ಯಾರೂ ಬರಲಿಲ್ಲ. ರುಡೊಲ್ಫ್ ಅದನ್ನು ತೆಗೆಯಲೂ ಇಲ್ಲ.

ಇಷ್ಟಿದ್ದೂ, ನೋವು ತೀರಾ ಕೆಟ್ಟ ಒಂದು ದಿನ ಫೋನಿನಲ್ಲಿ, “ನಿನ್ನ ಆ ಮದ್ದಿನ ಹಾಗೆ ಯಾವುದೂ ಇಲ್ಲ ವಾಲಿ” ಅಂದುಬಿಟ್ಟ. ತಮ್ಮ ಅದನ್ನು ಬೇಡಿಕೆ ಎಂದುಕೊಂಡ. ಅಲಿಕುಂಞಿ ಆಗ ರಜೆಯಲ್ಲಿ ಊರಿನಲ್ಲಿದ್ದ.

“ಕಳಿಸಿದ್ದೇನೆ ಅಣ್ಣಾ,” ಎಂದು ಬುಧವಾರ ವ್ಯಾಲೆಂಟೈನ್ ಖುಷಿಯಲ್ಲಿ ಹೇಳಿದ. “ಉಪ್ಪಿನಕಾಯಿಯ ಒಟ್ಟಿಗೆ. ಅಲಿಕುಂಞಿಯ ಮನೆಗೇ ಕೊಟ್ಟು ಬಂದೆ. ಹೋಮಿಯೋಪತಿ ಅಂತ ಹೇಳಿದ್ದೇನೆ, ಅವನಿಗೆ ಏನೂ ಗೊತ್ತಿಲ್ಲ. ಇವತ್ತು ಹೊರಡ್ತಾನಲ್ಲ?”

ರುಡೊಲ್ಫನ ಹೆಂಡತಿ ಶಾರನ್ ಆಸ್ಪತ್ರೆಯ ನರ್ಸು. ಅವಳಿಗೆ ಹೇಳಿದರೆ ಅವಳ ಕೆಲಸಕ್ಕೂ ಕುತ್ತು. ಅಲಿಕುಂಞಿಗೆ ಫೋನಿನಲ್ಲಿ ಬಿಡಿಸಿ ಹೇಳಲು ಧೈರ್ಯವಿಲ್ಲ, ಯಾರು ಕೇಳುತ್ತಿರುತ್ತಾರೋ. ಅಲ್ಲದೆ, ಏನೂ ಅರಿಯದವನಿಗೆ ಹೇಳಿಬಿಟ್ಟರೆ ಅವನೂ ಅರಿತವನಾಗುತ್ತಾನೆ. ಇದರ ನಡುವೆ, ಒಂದು ವೇಳೆ ಬಂದೇ ಬಿಟ್ಟರೆ ಇವತ್ತು ಮಲಗಬಹುದಲ್ಲ ಎಂಬ ಯೋಚನೆಯೂ ಮನಸ್ಸಿನಲ್ಲಿ ಸುಳಿಯಿತು. ಅದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕೊನೆಗೆ ಫೋನ್ ಹಚ್ಚಿದ.

ಅಲಿಕುಂಞಿ ವಿಮಾನ ನಿಲ್ದಾಣದ ದಾರಿಯಲ್ಲಿ ಕಾರಿನಲ್ಲಿದ್ದ.

“ಅಲಿ, ವಾಲಿ ಕೊಟ್ಟ ಸಣ್ಣ ಬಾಟಲಿ ಉಂಟಲ್ಲ, ಅದು ಬೇಡ. ಬಿಸಾಡು.”

“ಎಂಥದು ಬೇಡ? ನಿನ್ನ ಮದ್ದಲ್ವಾ ಮಾರಾಯ?”

“ನನಗೆ ಅದು ಆಗುದಿಲ್ಲ.”

“ಹೋಮಿಯೋಪತಿ ಯಾರಿಗೆ ಆಗುದಿಲ್ಲ? ಸಕ್ಕರೆ ನೀರು! ನನಗೆ ಭಾರ ಅಂತ ಹೇಳ್ತಾ ಇದ್ದೀಯಾ? ಹೋದ ಸಲ ಲೋಲಾಕ್ಷಿಯಕ್ಕನ ಕಡೆಗೋಲು ಹೊತ್ತು ತಂದವ ನಾನು. ಸುಮ್ಮನಿರು.”

“ಬೇಡ ಅಂದೆನಲ್ಲ!”

“ಶಾರನ್‌ಗೆ ಕೊಡು ಫೋನು, ಅವಳ ಹತ್ರ ಮಾತಾಡ್ತೇನೆ.”

ಮೆತ್ತಗೆ ಹೇಳಿದರೆ ಇವನು ತಂದೇ ತರುತ್ತಾನೆ ಎಂದು ರುಡೊಲ್ಫನಿಗೆ ಖಾತ್ರಿಯಾಯಿತು. ಕಣ್ಣು ಮುಚ್ಚಿಕೊಂಡು, ಅಲಿಕುಂಞಿಗೆ ಎಲ್ಲಿ ನೋಯುತ್ತದೋ ಅಲ್ಲಿಗೇ ಮಾತು ಎಸೆದ.

“ನಿನ್ನ ಕೈಯಿಂದ ಬಂದದ್ದು ನನಗೆ ಬೇಡ. ಊರವರ ಸಾಮಾನು ಹೊತ್ತು ದೊಡ್ಡ ಜನ ಆಗ್ಲಿಕ್ಕೆ ನೋಡ್ತೀಯಾ? ಹೋದ ಸಲ ನನ್ನ ಉಪ್ಪಿನಕಾಯಿ ಅರ್ಧ ನೀನೇ ತಿಂದದ್ದು ನನಗೆ ಗೊತ್ತಿಲ್ಲ ಅಂತ ಮಾಡಿದ್ದೀಯಾ?”



“ಖಲಾಸ್,” ಎಂದ ಅಲಿಕುಂಞಿ. “ನಿನ್ನ ಬಾಟಲಿ ಇಲ್ಲೇ ಚರಂಡಿಗೆ.” ಫೋನ್ ಇಟ್ಟ.

ಇಟ್ಟನೇನೋ ಸರಿ. ಬಿಸಾಡಿದನೇ? ಸಿಟ್ಟಿನಲ್ಲಿ ಹೇಳಿದ್ದನ್ನು ಅಲಿಕುಂಞಿ ಎಂದೂ ಮಾಡಿದವನಲ್ಲ. ಅಂಗಡಿ ಮುಚ್ಚುತ್ತೇನೆ ಎಂದು ವರ್ಷಗಟ್ಟಲೆ ಹೇಳಿದ್ದ, ಎಂದೂ ಮುಚ್ಚಿರಲಿಲ್ಲ. ರುಡೊಲ್ಫ್ ಮತ್ತೆ ಮತ್ತೆ ಫೋನ್ ಮಾಡಿದ, ಎತ್ತಲಿಲ್ಲ. ಆಮೇಲೆ ಫೋನೇ ಆಫ್ ಆಯಿತು. ಅಲಿಕುಂಞಿ ವಿಮಾನ ಏರಿರಬೇಕು. ಯಾವ ಬಾಗಿಲಲ್ಲಿ ಯಾರು ಅವನ ಬ್ಯಾಗು ತೆರೆಸುತ್ತಾರೆ, ಏನು ಕೇಳುತ್ತಾರೆ, ಅವನು ಆ ದೊಡ್ಡ ಗಂಟಲಿನಲ್ಲಿ “ಸಕ್ಕರೆ ನೀರು ಸಾರ್” ಎಂದು ನಗುತ್ತಾ ಹೇಗೆ ಹೇಳುತ್ತಾನೆ, ಎಲ್ಲವೂ ರುಡೊಲ್ಫನ ಕಣ್ಣ ಮುಂದೆ ಬಂತು. ತಂತಿಯ ಮೇಲಿನ ಪ್ಯಾಂಟೂ ಬಂತು. ಸಂಜೆಯ ಹೊತ್ತಿಗೆ ಉಸಿರು ಕಟ್ಟತೊಡಗಿತು. ಶಾರನ್ ಆಂಬುಲೆನ್ಸ್ ಕರೆದಳು.

ವಾರ್ಡಿನಲ್ಲಿ ಅವನು ಕೇಳಿದ್ದು ಒಂದೇ. “ಅಲಿ ಬಂದನಾ?”

“ಬರ್ತಾರೆ ರುಡಿ. ನೀನು ಮಾತಾಡಬೇಡ.”

ಗೆಳೆಯನನ್ನು ನೋಡುವ ಆಸೆ ಎಂದುಕೊಂಡು ಶಾರನ್ ಅಲಿಕುಂಞಿಗೆ ಫೋನ್ ಮಾಡುತ್ತಲೇ ಇದ್ದಳು. ಗುರುವಾರ ಅವನು ಎತ್ತಿದ. ವಿಷಯ ಕೇಳಿದವನು, ಹಿಂದಿನ ದಿನ ತಂದು ಇನ್ನೂ ಬಿಚ್ಚದಿದ್ದ ಬ್ಯಾಗು ಹೆಗಲಿಗೆ ಹಾಕಿಕೊಂಡು ಹಾಗೇ ಬಂದ. ಮುಖ ಇನ್ನೂ ಬಿಗಿದಿತ್ತು.

“ನಿನ್ನ ಉಪ್ಪಿನಕಾಯಿ ನಾನು ತಿನ್ನಲಿಲ್ಲ ಮಾರಾಯ,” ಅಂದ ಬಾಗಿಲಲ್ಲೇ. “ನೋಡು, ವಾಲಿ ಕಟ್ಟಿದ ಬಟ್ಟೆ ಹಾಗೇ ಉಂಟು. ಇಷ್ಟು ವರ್ಷದಿಂದ ನಾನು...” ಹಾಸಿಗೆಯಲ್ಲಿದ್ದವನನ್ನು ಆಗಲೇ ಅವನು ಸರಿಯಾಗಿ ನೋಡಿದ್ದು.

ರುಡೊಲ್ಫ್ ಹಾಸಿಗೆಯ ಅಂಚನ್ನು ತಟ್ಟಿದ. ಅಲಿಕುಂಞಿ ಬ್ಯಾಗನ್ನು ಅಲ್ಲಿಟ್ಟ. ಉಪ್ಪಿನಕಾಯಿ ಬೇಕಾಗಿದೆ ಎಂದುಕೊಂಡು ಶೀಶೆ ತೆಗೆದುಕೊಟ್ಟರೆ, ರುಡೊಲ್ಫ್ ಅದನ್ನು ಬದಿಗೆ ಸರಿಸಿದ. ಸೂಜಿ ಚುಚ್ಚಿದ್ದ ಕೈಯನ್ನೇ ಬ್ಯಾಗಿನೊಳಗೆ ಇಳಿಸಿ ಲುಂಗಿಗಳ ನಡುವೆ, ಕೋರಿರೊಟ್ಟಿಯ ಪೊಟ್ಟಣದ ಕೆಳಗೆ, ಬದಿಯ ಜೇಬುಗಳ ತಳದವರೆಗೆ, ಹೊಲಿಗೆ ಹೊಲಿಗೆಯಾಗಿ ತಡಕಿದ.

“ಎಂಥ ಹುಡುಕುದು? ಆ ಬಾಟಲಿಯಾ? ಬಿಸಾಡಿದೆ ಅಂದೆನಲ್ಲ,” ಎಂದ ಅಲಿಕುಂಞಿ. ಅದರಲ್ಲಿ ಏನಿತ್ತೆಂದು ಅವನಿಗೆ ತಿಳಿದದ್ದು ರುಡೊಲ್ಫನನ್ನು ಮಣ್ಣು ಮಾಡಿದ ಮೇಲೆ, ವ್ಯಾಲೆಂಟೈನ್ ಅತ್ತು ಹೇಳಿದಾಗ.

ರುಡೊಲ್ಫ್ ಆ ಮಾತನ್ನು ನಂಬಲಿಲ್ಲ; ಬಾಟಲಿ ಬ್ಯಾಗಿನಲ್ಲೇ ಉಳಿದಿದ್ದರೆ ಅಲಿಗೆ ಕುತ್ತು ಇನ್ನೂ ತಪ್ಪಿರಲಿಲ್ಲ. ಕೊನೆಯ ಜೇಬನ್ನೂ ಒಳಗಿನಿಂದ ಹೊರಗೆ ಮಗುಚಿದ. ಖಾಲಿ. ಅದನ್ನು ಮತ್ತೆ ಒಳಗೆ ತಳ್ಳಿ, ಜಿಪ್ಪನ್ನು ಕೊನೆಯವರೆಗೆ ಎಳೆದ, ಹಿಂದಕ್ಕೆ ತಂದ, ಮತ್ತೊಮ್ಮೆ ಎಳೆದು ಮುಚ್ಚಿದ.