ಸೆರಗು ಕೇಳಿದ ನೆಲ
ನೇಕಾರ ರಾಮಲಿಂಗಣ್ಣ ಮನೆಗೆ ಮರದ ನೆಲ ಹಾಕಿಸಲು ಹೊರಟು ಸೇಲಂನ ಅಂಗಡಿಯವರ ಬೆವರಿಳಿಸಿಬಿಟ್ಟ. ತೋರಿಸಿದ ಹಲಗೆಯನ್ನೆಲ್ಲ ಸೀರೆಯಂತೆ ಮಗುಚಿ ಹಿಂಬದಿ ನೋಡುವುದು, ಉಗುರಿನಿಂದ ಕೆರೆಯುವುದು, ಆಮೇಲೆ "ಒಡಲು ಪರವಾಗಿಲ್ಲ, ಅಂಚೆಲ್ಲೈತೆ? ಸೆರಗೆಲ್ಲೈತೆ?" ಎಂದು ಗದರುವುದು. "ಅಣ್ಣೇ, ಇದು ಫ್ಲೋರಿಂಗ್" ಎಂದು ಅಂಗಡಿಯವನು ಕೈಮುಗಿದರೆ, "ಆದ್ರೇನಲಾ, ನೆಲಕ್ಕೆ ಮಾನ ಬ್ಯಾಡ್ವಾ?" ಎಂಬ ಮರುಪ್ರಶ್ನೆ. ಕೊನೆಗೆ ಗೆದ್ದವನು ಅವನೇ. ತೇಗದ ಒಡಲಿಗೆ ಬೀಟೆಯ ಕರಿ ಅಂಚು ಬಂತು. ಹಳೆಯ ಮಗ್ಗದ ಗುಂಡಿ ಮುಚ್ಚಿದ ಮೂಲೆಗೆ ಮರದಲ್ಲೇ ಕೊರೆದ ಹಂಸಗಳ ಸೆರಗು ಬಂತು. ಅದನ್ನು ನೆಂಟರಿರಲಿ, ಬೆಕ್ಕೂ ತುಳಿಯುವಂತಿಲ್ಲ. ಜೀವಮಾನವೆಲ್ಲ ಆ ಗುಂಡಿಯೊಳಗೆ ಇಳಿಬಿಟ್ಟು ದುಡಿಸಿದ ತನ್ನೆರಡು ಕಾಲುಗಳನ್ನು ಮಾತ್ರ ಹಂಸಗಳ ಮೇಲೆ ನೀಳವಾಗಿ ಚಾಚಿ, ಬೀದಿಗೆಲ್ಲ ಕೇಳುವಂತೆ ಹೆಂಡತಿಯನ್ನು ಕೂಗುತ್ತಾನೆ: "ಶಶಿರೇಖಾ, ಕಾಪಿ ಇಲ್ಲಿಗೇ ತಗೊಂಡ್ಬಾ!"